ಒಡೆದ ಗಾಜಿನ ಮೇಲೆ ಎಳೆದ ವಿಭೂತಿ

ಮೊನ್ನೆ ಎದುರು ಮನೆಯ ಕಾರಿನ ಡ್ರೈವರ್ ಶಿವಣ್ಣ ತನ್ನ ಗಾಡಿಯ ಮುಂದಿನ ಗಾಜಿಗೆ ಒಂದು ದೇವರ ಪಟ ಅಂಟಿಸುತ್ತಿದ್ದ. ನಾನು ಜಗಲಿಯ ಮೇಲೆ ಕೂತು ನೋಡುತ್ತಿದ್ದೆ. ಪಟ ಅಂಟಿಸುವವರು ಗಾಜಿನ ನಡುಮಧ್ಯೆ, ಮೇಲುಗಡೆ ಅಂಟಿಸುತ್ತಾರೆ. ಇವನು ಸ್ಟೀರಿಂಗಿನ ಎದುರಿಗೆ, ಕೆಳಗಡೆ, ಒಂದು ಮೂಲೆಯಲ್ಲಿ ಒತ್ತಿ ಒತ್ತಿ ಅಂಟಿಸಿದ. "ಅಲ್ಲ್ಯಾಕಪ್ಪ?" ಅಂದೆ. "ಕಲ್ಲು ಸಿಡ್ದು ಒಂಚೂರು ಚಕ್ಕೆ ಎದ್ದೈತೆ ಕಣ ತಾತ. ಓನರ್ ಕಣ್ಣಿಗೆ ಬೀಳ್ದಂಗೆ ಮುಚ್ತಿವ್ನಿ" ಅಂದು ಕಣ್ಣು ಮಿಟುಕಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಬೈದುಬಿಟ್ಟೆ. ಪಾಪ, ಅವನಿಗೆ ಈ ಮುದುಕನಿಗೆ ಏನಾಯಿತು ಅನ್ನುವುದೇ ತಿಳಿಯಲಿಲ್ಲ. ಒಳಗೆ ಬಂದು ಮೊಮ್ಮಗಳ ಹತ್ತಿರ ಒಂದು ನೋಟುಬುಕ್ಕು ಇಸಕೊಂಡು ಇದನ್ನು ಬರೆಯಲು ಕೂತಿದ್ದೇನೆ. ಶಿವಣ್ಣನಂಥ ಹೊಸ ಡ್ರೈವರುಗಳು ಓದಲಿ ಅಂತ. ನಾನು ಎಷ್ಟು ವರ್ಷ ಬಸ್ಸು ಓಡಿಸಿದೆ, ಎಂಥೆಂಥ ದೊಡ್ಡವರನ್ನು ಕೂರಿಸಿಕೊಂಡು ಹೋದೆ, ಅದೆಲ್ಲ ಯಾರಿಗೆ ಬೇಕು? ನಾನು ಹೇಳಬೇಕಾಗಿರುವುದು ಒಂದು ಗಾಜಿನ ಕಥೆ ಮಾತ್ರ.

ನಾನು ಸ್ಟೀರಿಂಗ್ ಹಿಡಿದದ್ದು ಮೂವತ್ತರ ದಶಕದಲ್ಲಿ. ಹಾಸನದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಕೆಲವು ದಿನ ರಾಮನಾಥಪುರದ ತನಕ. ಇದು ನನ್ನ ಲೈನು. ಡಾಂಬರು ಅನ್ನುವುದನ್ನು ನಾವು ಊರೊಳಗೆ ಕಚೇರಿಯ ಮುಂದೆ ಒಂದಷ್ಟು ಗಜ ಕಂಡಿದ್ದೆವು, ಅಷ್ಟೇ. ಮಿಕ್ಕಿದ್ದೆಲ್ಲ ಜಲ್ಲಿ ರಸ್ತೆ. ಜಲ್ಲಿ ರಸ್ತೆ ಕೆಟ್ಟದ್ದಲ್ಲ. ಜಲ್ಲಿ ಹರಡಿ, ಮೇಲೆ ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಿದರೆ ಮನೆಯ ನೆಲದ ಹಾಗೆ ಕೂರುತ್ತದೆ. ಆದರೆ ರೋಲರ್ ಯಾವಾಗ ಬರುತ್ತಿತ್ತು? ದೊಡ್ಡ ಅಧಿಕಾರಿಗಳು ಯಾರಾದರೂ ಆ ದಾರಿಯಲ್ಲಿ ಬರುತ್ತಾರೆ ಅಂದರೆ ಬರುತ್ತಿತ್ತು. ನಮ್ಮಂಥವರಿಗೆ ಜಲ್ಲಿ ಹರಡಿ ಹೋಗಿಬಿಡುತ್ತಿದ್ದರು. ರೋಲರ್ ಕೆಲಸವನ್ನು ಬಸ್ಸೇ ಮಾಡಲಿ ಅನ್ನುವ ಲೆಕ್ಕಾಚಾರ!

ಅಷ್ಟು ಸಾಲದು ಅಂತ ಇನ್ನೊಂದು ಕಿತಾಪತಿ. ಹೊಸ ಜಲ್ಲಿಯ ಮೇಲೆ ಯಾವ ಡ್ರೈವರೂ, ಯಾವ ಗಾಡಿಯವನೂ ತಾನಾಗಿ ಓಡಿಸುವುದಿಲ್ಲ. ಪಕ್ಕದ ಸವೆದ ಜಾಡಿನಲ್ಲೇ ಹೋಗುತ್ತಾನೆ. ಹಾಗಾಗಿ ರಸ್ತೆ ಮೇಸ್ತ್ರಿ ಆ ಸವೆದ ಜಾಡಿನ ಮೇಲೆ ಸಾಲಾಗಿ ದಪ್ಪ ದಪ್ಪ ಗುಂಡುಕಲ್ಲು ಇಡಿಸುತ್ತಿದ್ದ. ಆಗ ಜಲ್ಲಿಯ ಮೇಲೆ ಹತ್ತಿಸದೆ ಬೇರೆ ದಾರಿಯೇ ಇಲ್ಲ. ಚಕ್ರ ಹತ್ತಿದ ಕೂಡಲೇ ಕಲ್ಲು ಪಟಪಟ ಸಿಡಿಯುತ್ತವೆ. ಎದುರಿಗೊಂದು ಲಾರಿಯೋ ಕಾರೋ ಬಂದರಂತೂ ಮುಗಿಯಿತು, ಅದರ ಚಕ್ರ ಎಸೆದ ಕಲ್ಲು ನೇರ ನಮ್ಮ ಮುಖಕ್ಕೆ. ಒಂದು ದಿನ ನಾನು ಬಸ್ಸು ನಿಲ್ಲಿಸಿ ಇಳಿದು ಆ ಮೇಸ್ತ್ರಿಯನ್ನು ಹಿಡಿದುಕೊಂಡೆ.

"ಏನ್ ಮೇಸ್ತ್ರಿ, ರೋಲರ್ ಎಲ್ಲಿ?"

"ನೀನೇ ರೋಲರ್ ಕಣಯ್ಯ" ಅಂದ, ಬೀಡಿ ಕಚ್ಚಿಕೊಂಡೇ. "ಇಷ್ಟ್ ಜನಾನ ತುಂಬ್ಕೊಂಡ್ ಬತ್ತೀಯಲ್ಲ, ಇನ್ನೇನ್ ಬೇಕು? ನಾಕ್ ದಪ ಓಗಿ ಬಂದ್ರೆ ಕುಂತ್ಕೋತದೆ."

"ಕಲ್ಲು ಬಂದು ಗಾಜಿಗೆ ಒಡೀತದಲ್ಲ?"

"ನಿಂಗೆ ಗಾಜ ಮಡಗು ಅಂತ ಯೋಳ್ದೋರ್ಯಾರು? ಎತ್ತಿನ ಗಾಡಿಗೆ ಗಾಜೈತಾ?"

ಏನು ಹೇಳುತ್ತೀರಿ ಇದಕ್ಕೆ? ಹಿಂದೆ ಕೂತಿದ್ದ ಜನ ನಕ್ಕುಬಿಟ್ಟರು. ನಾನು ಗುಂಡುಕಲ್ಲುಗಳನ್ನು ಕಾಲಿನಿಂದ ಉರುಳಿಸಿ ದಾರಿ ಮಾಡಿಕೊಂಡು ಹೋದೆ. ಸಂಜೆ ವಾಪಸು ಬರುವಾಗ ಅವೆಲ್ಲ ಮತ್ತೆ ಅದೇ ಜಾಗದಲ್ಲಿ ಕೂತಿದ್ದವು.

ಇನ್ನು ನಮ್ಮ ಸಾವ್ಕಾರರ ವಿಚಾರ. ಅವರ ಹೆಸರು ಬೇಡ. ಅವರೂ ಹೋದರು, ಅವರ ಬಸ್ಸುಗಳೂ ಹೋದವು. ಹಾಸನದಲ್ಲಿ ಅಂಗಡಿ ಇಟ್ಟು, ಆಮೇಲೆ ಮೂರು ಬಸ್ಸು ಮಾಡಿದವರು. ಆಗಿನ ಬಸ್ಸಿನ ಮುಂದಿನ ಗಾಜು ಎರಡು ಹೋಳು. ಡ್ರೈವರ್ ಎದುರಿನ ಹೋಳಿಗೆ ಮೇಲುಗಡೆ ಕೀಲು ಇರುತ್ತಿತ್ತು. ಕೆಳಗಿನಿಂದ ತಳ್ಳಿದರೆ ಕಿಟಕಿಯ ಬಾಗಿಲಿನ ಹಾಗೆ ಹೊರಕ್ಕೆ ಎದ್ದು ನಿಲ್ಲುತ್ತಿತ್ತು. ಸೆಕೆಗೆ ಅಂತ ಮಾಡಿದ ಏರ್ಪಾಡು ಅದು. ನಮ್ಮ ಸಾವ್ಕಾರರು ಅದಕ್ಕೆ ಬೇರೆ ಉಪಯೋಗ ಕಂಡುಹಿಡಿದರು. ಜಲ್ಲಿ ಬಂದ ಕಡೆಯೆಲ್ಲ ಗಾಜು ಎತ್ತಿಬಿಡಬೇಕು, ಆಗ ಗಾಜಿಗೆ ಏಟು ಬೀಳುವುದಿಲ್ಲ! ನಾನು ಕೇಳಿದೆ, "ಸಾವ್ಕಾರ್ರೆ, ಗಾಜಿಗೆ ಬೀಳ್ದಿದ್ರೆ ಕಲ್ಲು ಎಲ್ಲಿಗೆ ಬೀಳ್ತದೆ?"

"ಮಕ ಒಸಿ ಆ ಕಡೀಕೆ ತಿರುಗಿಸ್ಕೊಳ್ಳಲಾ. ಮಕದ್ ಗಾಯ ಎಂಟ್ ದಿನಕ್ಕೆ ವಾಸಿ ಆಯ್ತದೆ. ಗಾಜು ವಾಸಿ ಆದದಾ?"

ತಮಾಷೆಗೆ ಅಂದರು ಅಂದುಕೊಂಡಿರಾ? ಪೇಂಟರನ್ನು ಕರೆಸಿ ಮೂರು ಬಸ್ಸಿನಲ್ಲೂ ಡ್ರೈವರ್ ತಲೆಯ ಮೇಲೆ ಬರೆಸಿದರು: 'ಜಲ್ಲಿ ಕಂಡರೆ ಗಾಜು ಎತ್ತಿ.' ನನ್ನ ಎಡಗೆನ್ನೆಯ ಮೇಲೆ ಇವತ್ತಿಗೂ ಒಂದು ಕುಳಿ ಇದೆ. ಹೆಂಡತಿಗೆ ಅದು ಸಿಡುಬಿನ ಕಲೆ ಅಂತ ಸುಳ್ಳು ಹೇಳಿ ಮದುವೆಯಾದೆ. ಅದು ಸಾವ್ಕಾರರ ಗಾಜು ಉಳಿಸಿದ ಕಲೆ.

ಕೆನ್ನೆಯ ಗಾಯ ಮಾಯುವಷ್ಟರಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಕಲ್ಲು ಗಾಜಿಗೂ ಬೀಳಬಾರದು, ಮುಖಕ್ಕೂ ಬೀಳಬಾರದು. ಅದನ್ನು ಮೊದಲೇ ತಡೆಯಬೇಕು. ಮೊದಲ ಸಲ ಮಾಡಿದ್ದು ಶುದ್ಧ ದಡ್ಡತನ, ಮುಚ್ಚಿಡುವುದಿಲ್ಲ. ಬಂಪರಿಗೆ ಎರಡು ಬಿದಿರ ಗಳು ನಿಲ್ಲಿಸಿ, ಗಾಜಿನ ಅರ್ಧದ ತನಕ ಗೋಣಿ ತಾಟು ಬಿಗಿದು ಕಟ್ಟಿದೆ. ಹೊಳೆನರಸೀಪುರದ ತನಕ ಕಲ್ಲು ಬಂದು ತಾಟಿಗೆ ದಬದಬ ಬೀಳುವುದನ್ನು ಕೇಳಿ ಖುಷಿಯೋ ಖುಷಿ. ಹೊಳೆ ದಾಟಿ ಅರಕಲಗೂಡು ದಾರಿಯ ಏರು ಹತ್ತುವಷ್ಟರಲ್ಲಿ ರೇಡಿಯೇಟರಿನಿಂದ ಹಬೆ ಎದ್ದಿತು. ಎದುರುಗಾಳಿಯನ್ನೆಲ್ಲ ನಾನೇ ಗೋಣಿ ಕಟ್ಟಿ ತಡೆದಿದ್ದೆನಲ್ಲ! ಜನರನ್ನೆಲ್ಲ ಇಳಿಸಿ ಏರು ಹತ್ತಿಸಿದೆ. ಒಬ್ಬ ಅಜ್ಜಿ ತಲೆಯ ಮೇಲೆ ಕುಕ್ಕೆ ಹೊತ್ತುಕೊಂಡು ನನ್ನ ಪಕ್ಕದಲ್ಲೇ ನಿಂತು, "ಮೂಗಿಗೆ ಗೋಣಿ ಕಟ್ಟುದ್ರೆ ಅದು ಎಂಗ್ಲಾ ಉಸ್ರಾಡ್ತದೆ?" ಅಂದಳು. ಅಷ್ಟು ತಿಳುವಳಿಕೆ ನನಗೆ ಇರಲಿಲ್ಲ. ತಾಟು ಬಿಚ್ಚಿ ಒಳಗೆ ಎಸೆದೆ.

ಎರಡನೆಯ ಸಲ ಬುದ್ಧಿ ಉಪಯೋಗಿಸಿದೆ. ಹೊಳೆನರಸೀಪುರದಲ್ಲಿ ಕಾಳಾಚಾರಿ ಅಂತ ಒಬ್ಬ ಕಮ್ಮಾರ ಇದ್ದ, ಬಲು ನಾಜೂಕು ಕೈ. ಕಾಳು ಜರಡಿ ಹಿಡಿಯುವ ತಂತಿ ಬಲೆ ಇರುತ್ತದಲ್ಲ, ಆ ಬಲೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಗಾಜಿನಿಂದ ಒಂದು ಗೇಣು ಮುಂದೆ ಓರೆಯಾಗಿ ನಿಲ್ಲಿಸಿಕೊಟ್ಟ. ಗಾಳಿಗೆ ತಡೆಯಿಲ್ಲ, ನೋಟಕ್ಕೆ ತೊಂದರೆಯಿಲ್ಲ, ಕಲ್ಲು ಬಂದರೆ ಟಿಣ್ ಅಂತ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಗಾಜು ಎತ್ತುವ ಗೋಜೇ ತಪ್ಪಿತು. ಒಂದು ಮಳೆಗಾಲ ಪೂರ್ತಿ ಗಾಜಿಗೆ ಒಂದು ಗೀರು ಬೀಳಲಿಲ್ಲ. ಚನ್ನರಾಯಪಟ್ಟಣದ ಲೈನಿನಲ್ಲಿ ನಮ್ಮ ಸಾವ್ಕಾರರ ಇನ್ನೊಂದು ಬಸ್ಸು ಓಡಿಸುತ್ತಿದ್ದ ಜವರಪ್ಪ ಬಂದು ಬಲೆಯನ್ನು ತಟ್ಟಿ ನೋಡಿ, "ನಂಗೂ ಒಂದ್ ಮಾಡ್ಸ್ಕೊಡು ಚನ್ನಣ್ಣ" ಅಂದ.

ಜವರಪ್ಪ ದಂಡಿಗನಹಳ್ಳಿಯವನು, ಒಕ್ಕಲು ಮನೆಯ ಮಗ. ಹೊಲ ಅಣ್ಣಂದಿರಿಗೆ ಬಿಟ್ಟು ಬಸ್ಸಿಗೆ ಬಂದವನು. ನಾವಿಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಬುತ್ತಿ ಬಿಚ್ಚಿದರೆ ಒಬ್ಬರದ್ದನ್ನು ಒಬ್ಬರು ಬಾಯಿಗೆ ಹಾಕಿಕೊಳ್ಳುವಷ್ಟು ಸಲಿಗೆ. ಅವನಿಗೆ ಬಲೆ ಮಾಡಿಸಿಕೊಡುವ ಮೊದಲೇ ಮೋಟಾರು ಇನ್ಸ್‌ಪೆಕ್ಟರು ದಾರಿಯಲ್ಲಿ ನನ್ನ ಬಸ್ಸನ್ನು ತಡೆದರು.

"ಏನಯ್ಯ ಇದು? ಬಸ್ಸೋ, ಕೋಳಿಗೂಡೋ?"

"ಕಲ್ಲು ತಡೆಯಾಕೆ ಸಾ."

"ಡ್ರೈವರ್ ನೋಟಕ್ಕೆ ಅಡ್ಡ ಯಾವುದೂ ಇರಕೂಡದು ಅಂತ ರೂಲ್ಸ್ ಇದೆ. ಬಿಚ್ಚು."

"ಸಾ, ನೀವೇ ಒಂದ್ಸಲ ಕೂತ್ಕೊಂಡ್ ನೋಡಿ ಸಾ. ಎಲ್ಲಾ ಕಾಣ್ತದೆ."

"ನನಗೆ ಪಾಠ ಹೇಳ್ತೀಯಾ? ಬಿಚ್ಚು ಅಂದ್ರೆ ಬಿಚ್ಚು."

ನ್ಯಾಯವಾಗಿ ಹೇಳಬೇಕೆಂದರೆ, ಸಂಜೆ ಬಿಸಿಲು ಎದುರಿಗೆ ಬಿದ್ದಾಗ ಬಲೆ ಸ್ವಲ್ಪ ಮಿರಮಿರ ಅನ್ನುತ್ತಿತ್ತು. ಆದರೆ ಕೂತು ನೋಡಿ ಹಾಗೆ ಹೇಳಿದ್ದರೆ ಒಪ್ಪುತ್ತಿದ್ದೆ. ಆ ಮನುಷ್ಯ ಬಸ್ಸಿನ ಮೆಟ್ಟಿಲು ಕೂಡ ಹತ್ತಲಿಲ್ಲ. ನಮ್ಮ ಸಾವ್ಕಾರರಿಗೂ ಬಲೆ ಹೋದದ್ದು ಸಂತೋಷವೇ. ಬಸ್ಸಿನ ಅಂದ ಕೆಡುತ್ತದೆ ಅಂತ ಅವರು ಮೊದಲಿನಿಂದ ಗೊಣಗುತ್ತಿದ್ದರು. ಬಲೆಯನ್ನು ಕಾಳಾಚಾರಿಗೆ ವಾಪಸು ಕೊಟ್ಟೆ. ಅವನ ಹೆಂಡತಿ ಅದನ್ನು ಹಪ್ಪಳ ಒಣಗಿಸಲು ಇಟ್ಟುಕೊಂಡಳಂತೆ.

ಬಲೆ ಬಿಚ್ಚಿ ಒಂದು ತಿಂಗಳೂ ಆಗಿರಲಿಲ್ಲ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಿಸುತ್ತಿದ್ದೆವು. ಹೊಸ ಜಲ್ಲಿ ಹರಡದ, ಚೆನ್ನಾಗಿ ಕೂತ ರಸ್ತೆಯಲ್ಲಿ, ಗಾಜು ಇಳಿಸಿಕೊಂಡು ಹೋಗುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಕಾರಿನ ಚಕ್ರದಿಂದ ಒಂದೇ ಒಂದು ಕಲ್ಲು ಹಾರಿ ಬಂತು. ಟಕ್ ಅಂತ ಸದ್ದು, ಅಷ್ಟೇ. ನೋಡಿದರೆ ನನ್ನ ಕಣ್ಣಿನ ನೇರಕ್ಕೆ, ಕಡಲೆಕಾಳಿನಷ್ಟು ಜಾಗದಲ್ಲಿ ಚಕ್ಕೆ ಎದ್ದಿತ್ತು. ಸುತ್ತ ಮೂರು ಸಣ್ಣ ಸೀಳು.

ಹೊಸ ಡ್ರೈವರುಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಗಾಜಿಗೆ ಚಕ್ಕೆ ಎದ್ದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಬಿಸಿಲಿಗೆ, ಚಳಿಗೆ, ಬಸ್ಸಿನ ನಡುಕಕ್ಕೆ ಸೀಳು ದಿನಕ್ಕಿಷ್ಟು ಬೆಳೆಯುತ್ತದೆ. ಬೆರಳಿನ ಉಗುರಿನಿಂದ ಗೀರಿ ನೋಡಿದರೆ ಎಲ್ಲಿಯ ತನಕ ಹೋಗಿದೆ ಅಂತ ಗೊತ್ತಾಗುತ್ತದೆ. ಅದರಲ್ಲೂ ಆಗಿನ ಗಾಜು ಈಗಿನ ಹಾಗೆ ಒಡೆದರೂ ಕಚ್ಚಿಕೊಂಡು ನಿಲ್ಲುವ ಗಾಜಲ್ಲ. ಒಡೆಯಿತು ಅಂದರೆ ಚೂರಿಯಾಗಿ ಮೈಮೇಲೆ ಬೀಳುತ್ತಿತ್ತು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ, ಮುಂದೆ ಹೇಳುವುದನ್ನು.

ಆ ವಾರವೇ ಬಸ್ಸಿಗೆ ಎಫ್.ಸಿ. ಮಾಡಿಸಬೇಕಿತ್ತು, ಅಂದರೆ ಬಸ್ಸು ಓಡಿಸಲು ಯೋಗ್ಯವಾಗಿದೆ ಅಂತ ಇನ್ಸ್‌ಪೆಕ್ಟರು ನೋಡಿ ಚೀಟಿ ಕೊಡಬೇಕು. ಚಕ್ಕೆ ಕಂಡರೆ ಕೊಡುವುದಿಲ್ಲ. ಹೊಸ ಗಾಜು ತರೋಣ ಅಂದರೆ ಯುದ್ಧದಲ್ಲಿ ಗಾಜು ಎಲ್ಲಿ ಬರಬೇಕು? ಸಾವ್ಕಾರರು ಬಸ್ಸಿನ ಮುಂದೆ ನಿಂತು ಗಾಜನ್ನೂ ನನ್ನ ಹಣೆಯನ್ನೂ ಒಂದೆರಡು ಸಲ ನೋಡಿದರು. ನಾನು ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡೇ ಬರುವವನು. ಜೇಬಿನಲ್ಲಿ ಒಂದು ವಿಭೂತಿ ಗಟ್ಟಿ ಇದ್ದೇ ಇರುತ್ತಿತ್ತು.

"ಲೇ ಚನ್ನ, ಗಟ್ಟಿ ಐತೇನ್ಲಾ ಜೇಬ್ನಾಗೆ?"

"ಅದೆ ಸಾವ್ಕಾರ್ರೆ."

"ಅಂಗಾರೆ ಗಾಜಿಗೂ ಒಸಿ ಮೂರ್ ಪಟ್ಟೆ ಎಳಿ. ನಡುವೆ ಒಂದ್ ದಪ್ಪ ಕುಂಕುಮ ಮಡಗು. ಆ ಚಕ್ಕೆ ಮ್ಯಾಲೇ ಬರ್ಬೇಕು."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಗೆ ತಿಕ್ಕಿ, ಚಕ್ಕೆಯ ಮೇಲೆ ಅಡ್ಡಡ್ಡಕ್ಕೆ ಮೂರು ಪಟ್ಟೆ ಎಳೆದೆ. ನಟ್ಟನಡುವೆ ಕುಂಕುಮ ಒತ್ತಿದೆ. ಒಳಗಡೆಯಿಂದಲೂ ಹಾಗೇ. ಎಷ್ಟು ಚೆನ್ನಾಗಿ ಕೂತಿತು ಅಂದರೆ, ನನಗೇ ಚಕ್ಕೆ ಹುಡುಕಬೇಕಾಯಿತು.

ಇನ್ಸ್‌ಪೆಕ್ಟರು ಬಂದರು. ಕೋಳಿಗೂಡು ಅಂದವರು ಅವರೇ. ಬ್ರೇಕು ನೋಡಿದರು, ಹಾರನ್ನು ಒತ್ತಿದರು, ಟಯರಿಗೆ ಬೂಟಿನಿಂದ ಒದ್ದರು. ಗಾಜಿನ ಎದುರಿಗೆ ಬಂದವರು ಹ್ಯಾಟು ತೆಗೆದು ಕೈಮುಗಿದರು. "ಪರವಾಗಿಲ್ಲವಯ್ಯ, ದೇವರು ದಿಂಡರು ಅಂತ ಇದೆ ನಿಮಗೆ" ಅಂದು ಸಹಿ ಹಾಕಿ ಕೊಟ್ಟರು. ತಂತಿ ಬಲೆ ನೋಟಕ್ಕೆ ಅಡ್ಡ; ಅಂಗೈಯಗಲ ವಿಭೂತಿ ನೋಟಕ್ಕೆ ಅಡ್ಡವಲ್ಲ! ಅವರು ಅತ್ತ ಹೋದ ಮೇಲೆ ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಅಸಹ್ಯ ಹುಟ್ಟುತ್ತದೆ.

ಆಮೇಲೆ ಪ್ರತಿ ಸೋಮವಾರ ಹೊಸ ವಿಭೂತಿ ಎಳೆಯುವುದು ನನ್ನ ಕೆಲಸವಾಯಿತು. ಆ ಗಾಜನ್ನು ಎತ್ತಬೇಡ, ಕೀಲು ಅಲುಗಾಡಿದರೆ ಕಳಚಿಕೊಂಡು ಬಂದೀತು ಅಂತ ಸಾವ್ಕಾರರ ಹೊಸ ಆಜ್ಞೆ. ಸೀಳು ಬೆಳೆಯುತ್ತಾ ಹೋಯಿತು. ಅದು ಬೆಳೆದಷ್ಟೂ ನಾನು ಪಟ್ಟೆ ಉದ್ದ ಮಾಡಿದೆ. ಅಂಗೈಯಗಲ ಇದ್ದದ್ದು ಒಂದು ಗೇಣಾಯಿತು. ಹೊಳೆನರಸೀಪುರದಲ್ಲಿ ಹತ್ತುವ ಜನ, "ಡ್ರೈವರಣ್ಣನ ಬಕ್ತಿ ವಾರ ವಾರಕ್ಕೂ ಜಾಸ್ತಿ ಆಯ್ತಾ ಐತೆ" ಅನ್ನುತ್ತಿದ್ದರು. ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನವರೂ ಈ ಉಪಾಯ ಕಲಿತರು. ಹಾಸನದ ಸ್ಟ್ಯಾಂಡಿನಲ್ಲಿ ಎಷ್ಟು ಬಸ್ಸಿನ ಗಾಜಿನ ಮೇಲೆ ವಿಭೂತಿಯೋ ನಾಮವೋ ಇತ್ತೋ, ಅಷ್ಟು ಗಾಜು ಒಡೆದಿದೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು. ಚನ್ನರಾಯಪಟ್ಟಣದ ಕಡೆ ಓಡಿಸುವ ಜವರಪ್ಪನಿಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ.

ಒಂದು ದಿನ ನಮ್ಮೂರು ಕೊರವಂಗಲದಲ್ಲಿ ತಂಗಿಯ ನಿಶ್ಚಿತಾರ್ಥ. ನನ್ನ ಬದಲಿಗೆ ಆ ದಿನ ಜವರಪ್ಪ ನನ್ನ ಬಸ್ಸು ತೆಗೆದುಕೊಂಡು ಹೋಗಬೇಕಾಯಿತು. ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಅವನ ಕೈಗೆ ಬೀಗದ ಕೈ ಕೊಟ್ಟೆ. ಗೇರು ಎರಡನೆಯದು ಬಿಗಿ ಅಂದೆ, ಇದ್ದಿಲು ಒದ್ದೆಯಿದೆ ನೋಡಿಕೋ ಅಂದೆ. ಗಾಜಿನ ವಿಷಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು ಸೀಟಿನ ಮೇಲೆ ಕೂತು, ಎರಡೂ ಕೈ ಜೋಡಿಸಿ ವಿಭೂತಿಗೆ ನಮಸ್ಕಾರ ಮಾಡಿ, "ಗಾಜ ಎತ್ಬೇಡ ಅಂದ್ರು ಸಾವ್ಕಾರ್ರು. ಸ್ವಾಮಿ ಕುಂತವ್ನಲ್ಲ, ಎಂಗ್ ಎತ್ತಾದು? ಇವತ್ತು ನಂಗೆ ಏನೂ ಆಗಾಕಿಲ್ಲ ಬುಡು ಚನ್ನಣ್ಣ" ಅಂದ. ಅಷ್ಟು ನಂಬಿಕೆಯಿಂದ ಕೈ ಮುಗಿದವನಿಗೆ ಅದು ಸುಳ್ಳು ವಿಭೂತಿ ಕಣೋ ಅಂತ ಹೇಗೆ ಹೇಳಲಿ? ನಾಚಿಕೆಯಾಯಿತು. ಹೇಳದೆ ಊರಿಗೆ ಹೋದೆ.

ಮುಂದಿನದನ್ನು ಆ ಬಸ್ಸಿನಲ್ಲಿದ್ದವರ ಬಾಯಲ್ಲಿ ಕೇಳಿದ್ದು. ಅರಕಲಗೂಡು ದಾರಿಯಲ್ಲಿ ಎದುರಿಗೆ ಒಂದು ಲಾರಿ ಬಂತು. ಜವರಪ್ಪ ಬಸ್ಸನ್ನು ಪಕ್ಕಕ್ಕೆ ತೆಗೆದುಕೊಂಡು ನಿಧಾನ ಮಾಡಿದ. ಲಾರಿಯ ಚಕ್ರದಿಂದ ಹಾರಿದ್ದು ಹುಣಸೆಬೀಜದಷ್ಟು ಕಲ್ಲು. ಗಟ್ಟಿ ಗಾಜಾಗಿದ್ದರೆ ಟಕ್ ಅಂದು ಬೀಳುತ್ತಿತ್ತು. ವಿಭೂತಿ ಎಳೆದಿದ್ದ ಜಾಗದಿಂದ ಇಡೀ ಹೋಳು ಒಳಕ್ಕೆ ಕುಸಿದು ಬಂತು. ಅವನು ಬ್ರೇಕು ಒತ್ತಿ, ಬಸ್ಸನ್ನು ನಿಲ್ಲಿಸಿ, ಕೈಬ್ರೇಕು ಎಳೆದು, ಆಮೇಲೆ ಮುಖಕ್ಕೆ ಕೈ ಇಟ್ಟುಕೊಂಡನಂತೆ. ಒಳಗಿದ್ದ ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಅವನ ಬಲಗಣ್ಣು ಹೋಯಿತು.

ನಾನು ಹಾಸನದ ಆಸ್ಪತ್ರೆಗೆ ಓಡಿದೆ. ತಲೆಗೆಲ್ಲ ಬಟ್ಟೆ ಸುತ್ತಿಕೊಂಡು ಮಲಗಿದ್ದ. ಅವನ ಹೆಂಡತಿ ಗೌರಮ್ಮ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಸೆರಗಿನ ಗಂಟು ಬಿಚ್ಚಿದಳು. "ಅಣ್ಣಯ್ಯ, ಇದು ಅವ್ರ ಮಡ್ಲಾಗ್ ಬಿದ್ದಿತ್ತಂತೆ. ಇಬೂತಿ ಐತೆ, ಕಸಕ್ಕೆ ಎಂಗ್ ಎಸೆಯಾದು ಅಂತ ಮಡೀಕಂಡಿವ್ನಿ. ನೀನು ಗುಡಿತಾವ್ ಎಲ್ಲಾರ ಮಡಗ್ಬುಡು" ಅಂದಳು.

ಅಂಗೈಯಷ್ಟು ಗಾಜಿನ ಚೂರು. ನಾನು ಅದನ್ನು ಬೆಳಕಿಗೆ ಹಿಡಿದೆ. ಹೊಸದಾಗಿ ಒಡೆದ ಅಂಚು ನೀರಿನ ಹಾಗೆ ಸ್ವಚ್ಛವಾಗಿತ್ತು. ಹಳೆಯ ಸೀಳಿದ್ದ ಅಂಚು ಮಾತ್ರ ಉದ್ದಕ್ಕೂ ಕೆಂಪಗಿತ್ತು. ವಾರ ವಾರ ನಾನು ಒತ್ತಿದ್ದ ಕುಂಕುಮ ಸೀಳಿನೊಳಗೆ ಇಳಿದು ಕೂತಿತ್ತು. ಅದನ್ನು ಗುಡಿಯ ಹತ್ತಿರ ಇಡಲಿಲ್ಲ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ.

ಅಷ್ಟು ಹೊತ್ತಿಗಾಗಲೇ ನಮ್ಮ ಸಾವ್ಕಾರರು ಹೇಳಿಕೆ ಕೊಟ್ಟು ಮುಗಿಸಿದ್ದರು. ಗಾಜು ಸರಿಯಾಗಿತ್ತು, ಇನ್ಸ್‌ಪೆಕ್ಟರೇ ನೋಡಿ ಚೀಟಿ ಕೊಟ್ಟಿದ್ದಾರೆ, ಈ ಡ್ರೈವರ್ ಹೊಸ ಲೈನು ಅಂತ ಗೊತ್ತಿದ್ದರೂ ಅಡ್ಡಾದಿಡ್ಡಿ ಓಡಿಸಿ ಒಡೆದುಕೊಂಡಿದ್ದಾನೆ! ಎಂಥ ಮನುಷ್ಯರಪ್ಪಾ! ಕಣ್ಣು ಕಳೆದುಕೊಂಡು ಮಲಗಿದವನ ಮೇಲೆ ತಪ್ಪು ಹೊರಿಸುವುದಕ್ಕೆ ಒಂದು ದಿನ ಕೂಡ ಕಾಯಲಿಲ್ಲ. ನಾನು ಒಳಗೆ ಹೋಗಿ ಜವರಪ್ಪನಿಗೆ ಎಲ್ಲ ಹೇಳಿದೆ. ಚಕ್ಕೆ ಎದ್ದದ್ದು, ನಾನು ಮುಚ್ಚಿದ್ದು, ಬೆಳಿಗ್ಗೆ ಹೇಳದೆ ಹೋದದ್ದು. ಅವನು ಗೋಡೆಯ ಕಡೆ ತಿರುಗಿ ಹೇಳಿದ:

"ಕಣ್ಣು ಓಯ್ತು, ಇನ್ ಬತ್ತದಾ? ನಂದೇ ತಪ್ಪು ಅಂತ ಬರ್ದ್ಬುಟ್ರೆ ಯಾರೂ ನನ್ನ ಸ್ಟ್ಯಾಂಡ್ ಒಳೀಕೆ ಬುಡಾಕಿಲ್ಲ. ಎಲ್ಡ್ ಮಕ್ಳವೆ. ಅಂಗ್ ಬರೀದಂಗ್ ಮಾಡು. ಅಷ್ಟ್ ಮಾಡು ಸಾಕು."

ವಿಚಾರಣೆ ನಡೆದದ್ದು ಹೊಳೆನರಸೀಪುರದ ಪ್ರವಾಸಿ ಬಂಗಲೆಯ ಜಗಲಿಯಲ್ಲಿ. ದೊಡ್ಡ ಸಾಹೇಬರೊಬ್ಬರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಗುಮಾಸ್ತ. ಒಂದು ಕಡೆ ನಮ್ಮ ಸಾವ್ಕಾರರು, ಇನ್ನೊಂದು ಕಡೆ ಇನ್ಸ್‌ಪೆಕ್ಟರು. ಜವರಪ್ಪ ಬಟ್ಟೆ ಸುತ್ತಿದ ತಲೆ ಬಗ್ಗಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಸಾವ್ಕಾರರು ತಮ್ಮ ಪಾಠ ಒಪ್ಪಿಸಿದರು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಮುಂದೆ ಹೋಗಿ ಗಾಜಿನ ಚೂರನ್ನು ಮೇಜಿನ ಮೇಲೆ ಇಟ್ಟೆ.

"ಸಾ, ಗಾಜು ಮೊದ್ಲೇ ಒಡ್ದಿತ್ತು. ಈ ಅಂಚು ನೋಡಿ, ಕುಂಕುಮ ಒಳೀಕ್ ಇಳ್ದೈತೆ. ಸೀಳು ಇಲ್ದೆ ಕುಂಕುಮ ಎಂಗ್ ಸಾ ಇಳೀತದೆ? ಎಫ್.ಸಿ. ದಿನ ನಾನೇ ಇಬೂತಿ ಎಳ್ದು ಮುಚ್ಚಿದ್ದೆ. ಸಾವ್ಕಾರ್ರು ಯೋಳುದ್ರು, ನಾನು ಮಾಡ್ದೆ. ಇವ್ನಿಗೆ ಗೊತ್ತೇ ಇರ್ನಿಲ್ಲ."

ಸಾವ್ಕಾರರು ದಿಗ್ಗನೆ ಎದ್ದರು. "ಸ್ವಾಮಿ, ಈ ಬಡ್ಡೀಮಗ ದೇವ್ರ ಇಬೂತೀನೇ ಸುಳ್ಳಿಗೆ ಎಳೀತಾವ್ನೆ. ನಮ್ಮ ಮನೆತನದ ಬಕ್ತೀನ ಎಲ್ರೂ ಬಲ್ರು!" ಇನ್ಸ್‌ಪೆಕ್ಟರು ತಮ್ಮ ಬೂಟು ನೋಡಿಕೊಳ್ಳುತ್ತಾ ನಿಂತಿದ್ದರು. ಚಕ್ಕೆ ಇತ್ತು ಅಂದರೆ ತಾವು ನೋಡಲಿಲ್ಲ ಅಂತಾಗುತ್ತದೆ. ಇರಲಿಲ್ಲ ಅನ್ನಲು ಎದುರಿಗೆ ಕೆಂಪು ಅಂಚು.

ದೊಡ್ಡ ಸಾಹೇಬರು ಚೂರನ್ನು ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಸಾವ್ಕಾರರನ್ನು ನೋಡಿದರು, ಇನ್ಸ್‌ಪೆಕ್ಟರನ್ನು ನೋಡಿದರು. ಆಮೇಲೆ ಏನು ಮಾಡಿದರು ಗೊತ್ತೆ? ಆ ಚೂರನ್ನು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡು ಕೆಳಗಿಟ್ಟು ಗುಮಾಸ್ತನಿಗೆ ಹೇಳಿದರು: "ಬರೆದುಕೋ. ಚಾಲಕನ ತಪ್ಪಿಲ್ಲ. ದೈವಾಧೀನದಿಂದ ಆದ ಅಪಘಾತ. ಯಾರ ತಪ್ಪೂ ಕಂಡುಬಂದಿಲ್ಲ."

ಮೊದಲ ಮಾತಿಗೆ ಜೀವ ಬಂತು. ಎರಡನೆಯದಕ್ಕೆ ಸಿಟ್ಟು ನೆತ್ತಿಗೇರಿತು. "ಸಾ, ಅದು ದೈವ ಮಾಡಿದ್ದಲ್ಲ! ದೈವ ಬಂದು ಪಟ್ಟೆ ಎಳೀನಿಲ್ಲ, ನಾನು ಎಳ್ದೆ. ನನ್ ಎಸ್ರು ಬರ್ಕೊಳ್ಳಿ. ನನ್ ಎಸ್ರು ಬರೀರಿ ಸಾ!" ಅಂತ ಕೂಗಿದೆ.

"ನಿನ್ನ ಸ್ನೇಹಿತ ಉಳಿದನಲ್ಲ, ಇನ್ನೇನಯ್ಯ ಬೇಕು? ಸುಮ್ಮನೆ ಹೋಗು" ಅಂದು ಎದ್ದರು. ನನ್ನ ಹೆಸರು ಬರೆದರೆ ಸಾವ್ಕಾರರ ಹೆಸರು ಬರೆಯಬೇಕು. ಅವರದ್ದು ಬರೆದರೆ ಇನ್ಸ್‌ಪೆಕ್ಟರದ್ದು ಬರೆಯಬೇಕು. ಮೂವರನ್ನೂ ಉಳಿಸಲು ತಪ್ಪನ್ನು ಎತ್ತಿ ದೇವರ ತಲೆಗೆ ಕಟ್ಟಿದರು. ಬಾಯಿಲ್ಲದ ದೇವರು, ಪಾಪ, ಅವನು ಯಾರ ಹತ್ತಿರ ಅರ್ಜಿ ಹಾಕುತ್ತಾನೆ? ಗುಮಾಸ್ತ ಕಾಗದ ಮಡಚಿ ಪೆಟ್ಟಿಗೆಗೆ ಹಾಕಿಕೊಂಡ.

ಮಾರನೆಯ ದಿನ ಸಾವ್ಕಾರರು ನನ್ನನ್ನು ಕೆಲಸದಿಂದ ತೆಗೆದರು. ಒಳ್ಳೆಯದೇ ಆಯಿತು, ಅವರ ಬಸ್ಸಿಗೆ ನಾನು ಇನ್ನು ಹತ್ತುತ್ತಿರಲಿಲ್ಲ. ಬೇರೆಯವರ ಹತ್ತಿರ ಸೇರಿಕೊಂಡೆ. ತಪ್ಪಿಲ್ಲ ಅಂತ ಬರೆದ ಕಾಗದದ ನಕಲು ತೋರಿಸಿ ಜವರಪ್ಪ ಚನ್ನರಾಯಪಟ್ಟಣದ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಮಾಲೀಕರ ಬಸ್ಸುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಹೊರಡುವ ಪ್ರತಿಯೊಂದು ಬಸ್ಸಿನ ಎದುರಿಗೂ ಒಂದು ಒದ್ದೆ ಬಟ್ಟೆ ಹಿಡಿದುಕೊಂಡು ಬರುತ್ತಿದ್ದ. ಗಾಜಿನ ಮೇಲೆ ವಿಭೂತಿ ಇರಲಿ, ನಾಮ ಇರಲಿ, ಹೂವಿನ ಹಾರ ಇರಲಿ, ಮೊದಲು ಎಲ್ಲ ತೆಗೆದು ಒರೆಸುತ್ತಿದ್ದ. ಹೆಬ್ಬೆರಳಿನ ಉಗುರಿನಿಂದ ಗಾಜನ್ನು ಈ ತುದಿಯಿಂದ ಆ ತುದಿಗೆ ಗೀರಿ ನೋಡಿ, ಆಮೇಲೆ ತಾನೇ ರೇಡಿಯೇಟರಿನ ಮೇಲೆ ಕುಂಕುಮ ಇಟ್ಟು ಕಳಿಸುತ್ತಿದ್ದ. ಬೈದವರು ಎಷ್ಟೋ ಜನ. ಅವನ ಕೈಯಿಂದ ಹೊರಟ ಒಂದು ಬಸ್ಸಿನಲ್ಲೂ ಗಾಜು ಒಡೆದು ಯಾರಿಗೂ ಗಾಯವಾಗಲಿಲ್ಲ.

ನಾನು ಆ ಸ್ಟ್ಯಾಂಡಿಗೆ ಹೋದಾಗಲೆಲ್ಲ ನನ್ನ ಬಸ್ಸಿನ ಗಾಜನ್ನೂ ಹಾಗೇ ನೋಡುತ್ತಿದ್ದ. ನಮ್ಮ ಮಾಲೀಕರು ಬೇರೆ, ಅವನು ನೋಡಬೇಕಾಗಿರಲಿಲ್ಲ, ಆದರೂ ನೋಡುತ್ತಿದ್ದ. ನೋಡಿ ಬಾನೆಟ್ಟು ತಟ್ಟಿ, "ಓಗು ಡ್ರೈವರ್" ಅನ್ನುತ್ತಿದ್ದ. ಚನ್ನಣ್ಣ ಅನ್ನುತ್ತಿದ್ದವನು, ಒಂದು ತಟ್ಟೆಯಲ್ಲಿ ಉಂಡವನು, ಆ ಆಸ್ಪತ್ರೆಯ ದಿನದಿಂದ ಸಾಯುವ ತನಕ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಮುನಿಸು ಅಂತ ಒಂದು ಮಾತು ಆಡಲಿಲ್ಲ, ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಇಷ್ಟು ಬರೆದು ಎದ್ದು, ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಶಿವಣ್ಣನ ಕಾರಿನ ಗಾಜಿನಿಂದ ಆ ಪಟ ನೆನೆಸಿ ಬಿಡಿಸಿ, ಕಣ್ಣಿಗೆ ಒತ್ತಿಕೊಂಡು ಅವನ ಕೈಗೆ ಕೊಟ್ಟೆ. ಚಕ್ಕೆಯ ಮೇಲೆ ಅವನ ಉಗುರು ಇಡಿಸಿ ಸೀಳು ಎಲ್ಲಿಯ ತನಕ ಹೋಗಿದೆ ತೋರಿಸಿದೆ. "ನಿನ್ ಓನರ್‌ಗೆ ಈಗ್ಲೇ ಓಗಿ ಯೋಳು. ನಾಳೆ ನಿನ್ ಸೀಟ್ನಾಗೆ ಇನ್ಯಾರು ಕುಂತಿರ್ತಾರೋ" ಅಂದೆ. ಅವನು ನಗಲಿಲ್ಲ, ಹೋದ.

ಆ ವಿಚಾರಣೆಯ ಕಾಗದ ಎಲ್ಲೋ ಕಚೇರಿಯ ಅಟ್ಟದಲ್ಲಿ ಗೆದ್ದಲು ತಿಂದುಹೋಗಿರಬಹುದು. ಅದರಲ್ಲಿ ಬರೆದದ್ದು ಸುಳ್ಳು. ಗುಮಾಸ್ತ ಬರೆದುಕೊಳ್ಳದೆ ಹೋದದ್ದನ್ನು ನಾನೇ ಬರೆಯುತ್ತೇನೆ, ಯಾರಾದರೂ ಓದಲಿ. ದಂಡಿಗನಹಳ್ಳಿಯ ಜವರಪ್ಪನ ಬಲಗಣ್ಣು ಹೋದದ್ದು ದೈವಾಧೀನದಿಂದಲ್ಲ. ಒಡೆದ ಗಾಜನ್ನು ವಿಭೂತಿ ಎಳೆದು ಮುಚ್ಚಿದವನು ಕೊರವಂಗಲದ ಚನ್ನಬಸಪ್ಪ, ಡ್ರೈವರ್.